ಸ್ಕ್ರೂ ಬಿಚ್ಚಿದರೆ ಹಳೆಯದು ಸಿಗಬೇಕು

ಕಳೆದ ದಸರಾ ರಜೆಯಲ್ಲಿ ಅಕೌಂಟೆನ್ಸಿ ಲೆಕ್ಕ ಬಿಡಿಸಲೆಂದು ನಾಲ್ವರು ಗೆಳೆಯರು ನಮ್ಮ ಮನೆಗೆ ಬಂದಿದ್ದರು. ಲೆಕ್ಕ ಎರಡು ಪುಟಕ್ಕಿಂತ ಮುಂದೆ ಹೋಗಲಿಲ್ಲ. ಗೋಡೆಗೆ ಒರಗಿಸಿಟ್ಟಿದ್ದ ಬೇಸ್ ಗಿಟಾರ್ ಅವರ ಕಣ್ಣಿಗೆ ಬಿತ್ತು. ಒಬ್ಬ ಅದನ್ನು ತೊಡೆಯ ಮೇಲಿಟ್ಟುಕೊಂಡು ದಪ್ಪ ತಂತಿಯನ್ನು ಮೀಟಿದ. ಇನ್ನೊಬ್ಬ ಅದರ ಮೈಯನ್ನು ಮೇಲಿಂದ ಕೆಳಗೆ ನೋಡಿ, “ಏನ್ ಮಗಾ ಇದು, ಇಷ್ಟು ಹಳೇದು? ಮ್ಯಾಟ್ ಕಪ್ಪು ಸ್ಪ್ರೇ ಹೊಡಿಸು. ಇಲ್ಲಾಂದ್ರೆ ಮಾರಿಬಿಡು” ಎಂದ.

ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಕೆಂಪು ಬಣ್ಣ ಮಾಸಿ ಇಟ್ಟಿಗೆಯಂತಾಗಿತ್ತು. ಬಿಳಿಯ ಪ್ಲೇಟ್ ಚಹಾ ಚೆಲ್ಲಿದ ಬಟ್ಟೆಯ ಹಾಗೆ ಹಳದಿಯಾಗಿತ್ತು, ಒಂದು ಮೂಲೆಯಲ್ಲಿ ಸೀಳಿತ್ತು. ನನಗೂ ನಾಚಿಕೆಯಾಯಿತು. ಅವರು ಹೋದ ಮೇಲೆ ಗ್ಯಾರೇಜಿನಲ್ಲಿ ಪೇಂಟ್ ಹೊಡೆಯುವ ಒಬ್ಬರನ್ನು ಕೇಳಿಯೂ ಬಂದೆ. ಕೆರೆದು ಪೇಂಟ್ ಹೊಡೆಯಲು 2,500 ರೂಪಾಯಿ ಎಂದರು.

ಆ ಪೇಂಟ್ ನಾನು ಹೊಡೆಸಲಿಲ್ಲ. ಯಾಕೆ ಎಂದು ಹೇಳುವುದಕ್ಕೇ ಈ ಲೇಖನ. ನಮ್ಮ ಕೈಗೆ ಬಂದ ವಸ್ತುವಿನ ಅಂದವನ್ನು ನಮಗಿಷ್ಟವಾದಂತೆ ಬದಲಿಸಿಕೊಳ್ಳುವುದು ತಪ್ಪಲ್ಲ ಎಂದೇ ನಾನು ನಂಬಿದ್ದೇನೆ. ಆದರೆ ಆ ಬದಲಾವಣೆ ಬಿಚ್ಚಿ ತೆಗೆಯುವಂತಿರಬೇಕು. ಸ್ಕ್ರೂ ಬಿಚ್ಚಿದರೆ ಹಳೆಯದು ಹಾಗೇ ಸಿಗಬೇಕು. ಬೇಸ್ ಗಿಟಾರಿನಲ್ಲಿ ಇದಕ್ಕೆಂದೇ ಮಾಡಿಟ್ಟಂಥ ಒಂದು ಭಾಗವಿದೆ. ಅದರ ಹೆಸರು ಪಿಕ್‌ಗಾರ್ಡ್.

ಗೊತ್ತಿಲ್ಲದವರಿಗಾಗಿ ಎರಡು ಮಾತು. ಬೇಸ್‌ಗೆ ಸಾಮಾನ್ಯವಾಗಿ ನಾಲ್ಕು ದಪ್ಪ ತಂತಿಗಳು. ಮಾಮೂಲಿ ಗಿಟಾರಿನ ಕೆಳಗಿನ ನಾಲ್ಕು ತಂತಿಗಳ ಸ್ವರವೇ ಇಲ್ಲಿ ಇನ್ನೂ ಒಂದು ಸ್ಥಾಯಿ ಕೆಳಗೆ ಬರುತ್ತದೆ. ಹಾಡಿನಲ್ಲಿ ಅದು ಇದ್ದಾಗ ಯಾರೂ ಗಮನಿಸುವುದಿಲ್ಲ, ನಿಂತರೆ ಮಾತ್ರ ಏನೋ ಖಾಲಿಯಾದಂತೆ ಅನಿಸುತ್ತದೆ. ತಂತಿಗಳ ಕೆಳಗೆ, ಮರದ ಮೈಗೆ ಅಂಟಿಕೊಂಡಂತೆ ಇರುವ ತೆಳುವಾದ ಪ್ಲಾಸ್ಟಿಕ್ ಹಾಳೆಯೇ ಪಿಕ್‌ಗಾರ್ಡ್. ನಮ್ಮ ಮಾಮು ಅದನ್ನು ಪ್ಲೇಟ್ ಎನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ತಂತಿ ಮೀಟುವ ಪಿಕ್ ತಗುಲಿ ಮರಕ್ಕೆ ಗೀರು ಬೀಳದಿರಲಿ ಎಂದು ಅದನ್ನು ಹಾಕುತ್ತಾರೆ. ನನ್ನ ಹತ್ತಿರವಿರುವುದು ಪ್ರಿಸಿಷನ್ ಬೇಸ್ ಎಂಬ ಪ್ರಸಿದ್ಧ ಮಾದರಿಯನ್ನು ನೋಡಿ ನಮ್ಮ ದೇಶದಲ್ಲೇ ಮಾಡಿದ ಬೇಸ್. ಇದರಲ್ಲಿ ಸದ್ದು ಹೆಚ್ಚುಕಡಿಮೆ ಮಾಡುವ ಗುಂಡಿ, ಟೋನ್ ಗುಂಡಿ, ವೈರ್ ಚುಚ್ಚುವ ಜ್ಯಾಕ್ ಎಲ್ಲವೂ ಆ ಪ್ಲೇಟಿಗೇ ಕೂತಿರುತ್ತವೆ. 13 ಸಣ್ಣ ಸ್ಕ್ರೂ ಬಿಚ್ಚಿದರೆ ಇಡೀ ಪ್ಲೇಟ್ ಕೈಗೆ ಬರುತ್ತದೆ.

ಈ ಬೇಸ್ ಮಾಮು ಅವರದು. ಇಪ್ಪತ್ತರ ವಯಸ್ಸಿನಲ್ಲಿ ಅವರು ಮೈಸೂರಿನ ಒಂದು ಆರ್ಕೆಸ್ಟ್ರಾದಲ್ಲಿ ನುಡಿಸುತ್ತಿದ್ದರು. ಗಣೇಶೋತ್ಸವದ ಪೆಂಡಾಲ್, ರಾಜ್ಯೋತ್ಸವ, ಮದುವೆ ರಿಸೆಪ್ಷನ್ ಎಂದು ಸುತ್ತಮುತ್ತಲ ಊರುಗಳಿಗೆಲ್ಲ ಟೆಂಪೋದಲ್ಲಿ ಹೋಗಿ ಬೆಳಗಿನ ಜಾವಕ್ಕೆ ಬರುತ್ತಿದ್ದರಂತೆ. ಆಮೇಲೆ ಬೇಸಿನ ಸದ್ದು ಕೀಬೋರ್ಡಿನಿಂದಲೇ ಬರತೊಡಗಿತು. ಒಬ್ಬ ಆಳಿನ ಸಂಭಾವನೆ ಉಳಿಯಿತು ಎಂದು ತಂಡದವರಿಗೆ ಸಮಾಧಾನವಾಯಿತು. ಆ ಒಬ್ಬ ಆಳು ಮಾಮು. ಈಗ ಅವರಿಗೆ ಕಾರಿನ ಸೀಟ್ ಕವರ್ ಹೊಲಿಯುವ ಅಂಗಡಿಯಿದೆ. ನಾನು ಎಸ್‌ಎಸ್‌ಎಲ್‌ಸಿ ಪಾಸಾದ ದಿನ ಬೇಸನ್ನು ಚೀಲದ ಸಮೇತ ತಂದು ನಮ್ಮ ಮನೆಯಲ್ಲಿಟ್ಟು, “ಇನ್ನು ಇದು ನಿನ್ನದು” ಎಂದು ಹೋದರು.

ಪೇಂಟ್ ವಿಚಾರ ಅವರ ಹತ್ತಿರ ಎತ್ತಿದಾಗ, “ನಿನ್ನದು, ನಿನಗೆ ಹೇಗೆ ಬೇಕೋ ಹಾಗೆ ಮಾಡ್ಕೋ” ಎಂದರು. ಹಾಗೆ ಹೇಳುವಾಗ ನನ್ನ ಮುಖ ನೋಡಲಿಲ್ಲ. ಹೊಲಿಗೆ ಯಂತ್ರದ ಸೂಜಿಯನ್ನೇ ನೋಡುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ, “ಪ್ಲೇಟ್ ಬದಲಾಯಿಸಿದರೆ ಸಾಕಾಗಲ್ವಾ? ನಾವೂ ಸೀಟನ್ನು ಕೀಳಲ್ಲ, ಮೇಲೆ ಕವರ್ ಹಾಕ್ತೀವಿ” ಎಂದರು. ಅಷ್ಟೇ. ಆ ಮಾತು ನನ್ನನ್ನು ಬಿಡಲಿಲ್ಲ.

ಮನೆಗೆ ಬಂದು ಈ ಪ್ಲೇಟಿನ ಚರಿತ್ರೆ ಓದತೊಡಗಿದೆ. ಕಾಮರ್ಸ್ ವಿದ್ಯಾರ್ಥಿಗಳಾದ ನಾವು ಹೆಮ್ಮೆಪಡುವ ಒಂದು ಸಂಗತಿ ಸಿಕ್ಕಿತು. ಅಮೆರಿಕದ ಕ್ಯಾಲಿಫೋರ್ನಿಯಾದ ಫುಲ್ಲರ್ಟನ್ ಎಂಬ ಊರಿನಲ್ಲಿ 1951ರಲ್ಲಿ ಪ್ರಿಸಿಷನ್ ಬೇಸನ್ನು ಮಾರುಕಟ್ಟೆಗೆ ತಂದ ಲಿಯೋ ಫೆಂಡರ್ ಸಂಗೀತಗಾರರೇ ಅಲ್ಲ. ಅವರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಕಾಲೇಜಿನಲ್ಲಿ ಅವರು ಓದಿದ್ದು ಅಕೌಂಟಿಂಗ್! ಲೆಕ್ಕ ಬರೆಯುವ ಕೆಲಸ ಮಾಡುತ್ತಿದ್ದರು. ಆರ್ಥಿಕ ಕುಸಿತದ ಕಾಲದಲ್ಲಿ ಆ ಕೆಲಸ ಹೋದ ಮೇಲೆ 1938ರಲ್ಲಿ ರೇಡಿಯೊ ರಿಪೇರಿ ಅಂಗಡಿ ತೆರೆದರು. ರಿಪೇರಿಗೆ ಬಂದ ಸಾಮಾನು ನೋಡಿ ನೋಡಿಯೇ ಗಿಟಾರ್ ಮಾಡುವ ದಾರಿ ಹಿಡಿದರು.

ಅವರ ಬೇಸನ್ನು ನೋಡಿದರೆ ರಿಪೇರಿ ಅಂಗಡಿಯವರ ತಲೆ ಕಾಣುತ್ತದೆ. ಹಳೆಯ ವಾದ್ಯಗಳಲ್ಲಿ ಕತ್ತನ್ನು ಮೈಗೆ ಅಂಟು ಹಾಕಿ ಕೂಡಿಸುತ್ತಿದ್ದರು. ಫೆಂಡರ್ ಸ್ಕ್ರೂ ಹಾಕಿ ಬಿಗಿದರು. ಕತ್ತು ಕೆಟ್ಟರೆ ಕತ್ತು ಬದಲಿಸು, ಪ್ಲೇಟ್ ಸೀಳಿದರೆ ಪ್ಲೇಟ್ ಬದಲಿಸು, ಒಂದು ಕೆಟ್ಟಿತೆಂದು ಎಲ್ಲವನ್ನೂ ಎಸೆಯಬೇಡ ಎಂಬ ಲೆಕ್ಕ. ಆ ಕಾರ್ಖಾನೆಯಲ್ಲಿ ಕತ್ತು ತಯಾರಿಸುತ್ತಿದ್ದ ಟಡಿಯೊ ಗೋಮೆಜ್ ಎಂಬವರು ಕತ್ತಿನ ಬುಡದಲ್ಲಿ, ಯಾರಿಗೂ ಕಾಣದ ಜಾಗದಲ್ಲಿ, ಪೆನ್ಸಿಲಿನಿಂದ ತಮ್ಮ ಹೆಸರಿನ ಮೊದಲಕ್ಷರಗಳನ್ನೂ ತಾರೀಖನ್ನೂ ಬರೆಯುತ್ತಿದ್ದರು. ಸ್ಕ್ರೂ ಬಿಚ್ಚಿದವರಿಗೆ ಮಾತ್ರ ಅದು ಕಾಣುತ್ತದೆ. ಇದನ್ನು ಓದಿದಾಗ ಸುಮ್ಮನೆ ಖುಷಿಪಟ್ಟಿದ್ದೆ. ಅಂಥದ್ದೇ ಒಂದು ಬರಹ ನಮ್ಮ ಮನೆಯಲ್ಲೇ ಸಿಗುತ್ತದೆ ಎಂದು ಆಗ ಗೊತ್ತಿರಲಿಲ್ಲ.

ಒಂದೇ ಬೇಸ್ ಬರೀ ಪ್ಲೇಟಿನಿಂದ ಎಷ್ಟು ಬೇರೆಯಾಗಿ ಕಾಣಬಹುದು ಎಂದು ತಯಾರಕರೇ ತೋರಿಸಿಕೊಟ್ಟಿದ್ದಾರೆ. 1957ರಲ್ಲಿ ಪ್ರಿಸಿಷನ್ ಬೇಸಿನ ರೂಪ ಬದಲಾದಾಗ ಪ್ಲಾಸ್ಟಿಕ್ ಬದಲು ಚಿನ್ನದ ಬಣ್ಣದ ಅಲ್ಯೂಮಿನಿಯಂ ಪ್ಲೇಟ್ ಬಂತು. ಗುಂಡಿಗಳು ಪ್ಲೇಟಿನ ಮೇಲೆ ಕೂತದ್ದೂ ಆಗಲೇ. 1959ರ ಹೊತ್ತಿಗೆ ಆಮೆಚಿಪ್ಪಿನ ಹಾಗೆ ಕಾಣುವ ಕೆಂಪುಕಂದು ಮಚ್ಚೆಗಳ ಪ್ಲೇಟ್ ಬಂತು. ಐರನ್ ಮೇಡನ್ ತಂಡದ ಸ್ಟೀವ್ ಹ್ಯಾರಿಸ್ ಅವರ ಬೇಸಿನ ಪ್ಲೇಟ್ ಕನ್ನಡಿಯಂತೆ ಹೊಳೆಯುತ್ತದೆ. ಹಲವು ಪ್ಲೇಟುಗಳು ಒಂದರ ಮೇಲೊಂದು ಪದರ ಅಂಟಿಸಿದಂಥವು. ಕಪ್ಪು, ಬಿಳಿ, ಕಪ್ಪು. ಅಂಚನ್ನು ಓರೆಯಾಗಿ ಕತ್ತರಿಸಿದರೆ ಒಳಗಿನ ಬಿಳಿ ಪದರ ಸುತ್ತಲೂ ಗೆರೆ ಎಳೆದಂತೆ ಕಾಣುತ್ತದೆ. ಸೀರೆಗೆ ಅಂಚಿದ್ದ ಹಾಗೆ ಎಂದು ಅಮ್ಮಿ ಹೇಳಿದರು. ನನಗೆ ಅದಕ್ಕಿಂತ ಒಳ್ಳೆಯ ಹೋಲಿಕೆ ಹೊಳೆಯಲಿಲ್ಲ.

ಆಮೆಚಿಪ್ಪಿನ ಪ್ಲೇಟ್ ನಿಜವಾದ ಆಮೆಚಿಪ್ಪಲ್ಲ, ಸೆಲ್ಯುಲಾಯ್ಡ್. ಹಿಂದೆ ಬಾಚಣಿಗೆ, ಕನ್ನಡಕದ ಚೌಕಟ್ಟು, ತಂತಿ ಮೀಟುವ ಪಿಕ್ ಮುಂತಾದವನ್ನು ಸಮುದ್ರದ ಆಮೆಗಳ ಚಿಪ್ಪಿನಿಂದ ಮಾಡುತ್ತಿದ್ದರು. ಆ ಅಂದ ಜನರಿಗೆ ಇಷ್ಟವಾಗಿತ್ತು. ಸೆಲ್ಯುಲಾಯ್ಡ್ ಬಂದ ಮೇಲೆ ಆಮೆ ಕೊಲ್ಲದೆ ಆ ಅಂದ ಸಿಕ್ಕಿತು. 1970ರ ದಶಕದಲ್ಲಿ ಆಮೆಚಿಪ್ಪಿನ ಅಂತರರಾಷ್ಟ್ರೀಯ ವ್ಯಾಪಾರಕ್ಕೇ ನಿಷೇಧ ಬಂತು. ಮೈಸೂರಿನವರಿಗೆ ಈ ಕಥೆ ಹೊಸದಲ್ಲ. ಅರಮನೆಯ ಬಾಗಿಲುಗಳಲ್ಲಿ ಬೀಟೆ ಮರದೊಳಗೆ ಆನೆದಂತ ಕೂರಿಸಿದ ಇನ್‌ಲೇ ಕೆಲಸವನ್ನು ನಾವೆಲ್ಲ ನೋಡಿದ್ದೇವೆ. ದಂತದ ವ್ಯಾಪಾರ ನಿಂತ ಮೇಲೆ ಮಂಡಿ ಮೊಹಲ್ಲಾದ ಕುಶಲಕರ್ಮಿಗಳು ಬಗೆಬಗೆಯ ಬಣ್ಣದ ಮರಗಳಲ್ಲಿ, ಪ್ಲಾಸ್ಟಿಕ್‌ನಲ್ಲಿ ಅದೇ ಕೆಲಸ ಮುಂದುವರಿಸಿದರು. ಅಂದ ಬೇಕು ಎನ್ನುವುದು ಸಹಜ. ಆ ಅಂದಕ್ಕಾಗಿ ಏನನ್ನು ಕೆಡಿಸುತ್ತೇವೆ ಎಂದೂ ಕೇಳಿಕೊಳ್ಳಬೇಕು.

ಇಷ್ಟೆಲ್ಲ ಓದಿದ ಮೇಲೂ ಮೊದಲು ನಾನು ಮಾಡಿದ್ದು ಪೆದ್ದುತನವೇ. ಆನ್‌ಲೈನಿನಲ್ಲಿ 700 ರೂಪಾಯಿ ಕೊಟ್ಟು ಒಂದು ಪ್ಲೇಟ್ ತರಿಸಿದೆ. “ಎಲ್ಲ ಬೇಸ್‌ಗಳಿಗೂ ಸರಿಹೊಂದುತ್ತದೆ” ಎಂದು ಬರೆದಿದ್ದರು. ಬೇಸ್ ಮೇಲೆ ಇಟ್ಟು ನೋಡಿದರೆ 13 ತೂತುಗಳಲ್ಲಿ ಸರಿಹೊಂದಿದ್ದು ಐದು. ಒಂದು ಮಾದರಿಯನ್ನು ನೋಡಿ ಮಾಡಿದ ಬೇಸ್‌ಗಳ ಅಳತೆ ಮೂಲದಂತೆಯೇ ಇರಬೇಕೆಂದೇನಿಲ್ಲ ಎಂಬುದು 700 ರೂಪಾಯಿ ಕಳೆದ ಮೇಲೆ ತಿಳಿಯಿತು. ಮರದಲ್ಲಿ ಹೊಸ ತೂತು ಕೊರೆದರೆ ಕೂರಿಸಬಹುದಿತ್ತು. ಕೈಯಲ್ಲಿ ಡ್ರಿಲ್ ಕೂಡ ಹಿಡಿದಿದ್ದೆ. ಆದರೆ ಆ ಎಂಟು ತೂತುಗಳನ್ನು ಯಾವ ಸ್ಕ್ರೂ ಬಿಚ್ಚಿದರೂ ತೆಗೆಯಲಾಗುವುದಿಲ್ಲವಲ್ಲ ಎನಿಸಿ ಕೆಳಗಿಟ್ಟೆ.

ನಮ್ಮ ಗಲ್ಲಿಯಲ್ಲಿ ಇನ್‌ಲೇ ಕೆಲಸ ಮಾಡುವ ಚಾಚಾ ಒಬ್ಬರಿದ್ದಾರೆ. ಮೂವತ್ತು ವರ್ಷದಿಂದ ಅದೇ ಕೆಲಸ. ಬೇಸನ್ನು ಅವರ ಹತ್ತಿರ ಒಯ್ದೆ. ಅವರು ಮೊದಲು ಪ್ಲೇಟ್ ನೋಡಲೇ ಇಲ್ಲ. ಬೆರಳಿಡುವ ಪಟ್ಟಿಯನ್ನು ಹೆಬ್ಬೆರಳಿನಿಂದ ಒರೆಸಿ, ಬೆಳಕಿಗೆ ಹಿಡಿದು, “ಇದು ಬೀಟೆ ಬೇಟಾ. ಬಣ್ಣ ಹಚ್ಚಿದ್ದಲ್ಲ” ಎಂದರು. ನಮ್ಮ ಪಶ್ಚಿಮ ಘಟ್ಟದಲ್ಲಿ ಬೆಳೆಯುವ ಬೀಟೆಯನ್ನು ಜಗತ್ತಿನ ದೊಡ್ಡ ದೊಡ್ಡ ಗಿಟಾರ್ ಕಂಪನಿಗಳೂ ಆ ಪಟ್ಟಿಗೆ ಬಳಸುತ್ತವೆ ಎಂದು ನಾನು ಹೇಳಿದೆ. “ಮತ್ತೆ! ಬಳಸದೆ ಏನು ಮಾಡ್ತಾರೆ?” ಎಂದು ನಕ್ಕರು.

ಆಮೇಲೆ ಸ್ಕ್ರೂ ಬಿಚ್ಚಲು ಕೂತೆವು. ಮಾಡಿ ನೋಡಬೇಕೆನ್ನುವವರಿಗಾಗಿ ಕೆಲಸದ ಕ್ರಮವನ್ನೂ ಬರೆಯುತ್ತೇನೆ. ಮೊದಲು ವೈರ್ ಕಿತ್ತಿಡಿ, ತಂತಿಗಳನ್ನು ಸಡಿಲ ಮಾಡಿ. ಗುಂಡಿಗಳನ್ನು ಮೆಲ್ಲಗೆ ಮೇಲಕ್ಕೆಳೆಯಿರಿ. ಪಕ್ಕದಲ್ಲಿ ಸ್ಕ್ರೂ ಇರುವ ಗುಂಡಿಯಾದರೆ ಅದನ್ನು ಮೊದಲು ಸಡಿಲಿಸಿ. ರಟ್ಟಿನ ಮೇಲೆ ಪ್ಲೇಟಿನ ಆಕಾರ ಬರೆದು, ಬಿಚ್ಚಿದ ಸ್ಕ್ರೂಗಳನ್ನು ಆಯಾ ಜಾಗದಲ್ಲೇ ಚುಚ್ಚಿಡಿ. ಪ್ಲೇಟ್ ಎತ್ತುವಾಗ ಜೋರಾಗಿ ಎಳೆಯಬೇಡಿ, ಕೆಳಗೆ ವೈರುಗಳು ಬೆಸೆದುಕೊಂಡಿರುತ್ತವೆ. ಗುಂಡಿಗಳ ಮತ್ತು ಜ್ಯಾಕಿನ ನಟ್ ಸಡಿಲಿಸಿದರೆ ಅವು ಪ್ಲೇಟಿನಿಂದ ಬಿಡುಗಡೆಯಾಗುತ್ತವೆ, ಬೆಸುಗೆ ಮುಟ್ಟಬೇಕಾಗಿಲ್ಲ. ಸದ್ದು ಹಿಡಿಯುವ ಪಿಕಪ್ ಈ ಮಾದರಿಯಲ್ಲಿ ನೇರ ಮರಕ್ಕೇ ಕೂತಿರುವುದರಿಂದ ಅದರ ತಂಟೆಯೂ ಇಲ್ಲ.

ಪ್ಲೇಟ್ ಎತ್ತಿದಾಗ ನಾನೂ ಚಾಚಾನೂ ಇಬ್ಬರೂ ಸುಮ್ಮನಾದೆವು. ಬೆಳಕು ತಾಗದ ಆ ಜಾಗದಲ್ಲಿ ಬಣ್ಣ ಹೊಸದರ ಹಾಗೇ ಇತ್ತು. ದಾಳಿಂಬೆ ಕಾಳಿನ ಕೆಂಪು. ಮಾಮು ಅಂಗಡಿಯಲ್ಲಿ ಮೊದಲ ಸಲ ನೋಡಿದ್ದು ಈ ಬಣ್ಣವನ್ನು. ಪೇಂಟಿನವರು ಕೆರೆದಿದ್ದರೆ ಮೊದಲು ಹೋಗುತ್ತಿದ್ದದ್ದೂ ಇದೇ.

ಚಾಚಾ ಹಳೆಯ ಪ್ಲೇಟನ್ನು ಅಚ್ಚು ತೆಗೆಯಲು ಮಗುಚಿದರು. ಹಿಂದೆ ಬಾಲ್‌ಪೆನ್ನಿನಲ್ಲಿ ಉರ್ದುವಿನಲ್ಲಿ ಏನೋ ಬರೆದಿತ್ತು. ನಾನಿ ಹತ್ತಿರ ಕಲಿತ ಉರ್ದು ಕೊನೆಗೂ ಕೆಲಸಕ್ಕೆ ಬಂತು. ಅದು ಕಂತಿನ ಲೆಕ್ಕ. ತಿಂಗಳಿಗೆ 500ರಂತೆ ಒಂಬತ್ತು ಕಂತು, ಒಂದೊಂದರ ಮುಂದೆ ತಿಂಗಳ ಹೆಸರು, ಒಂದು ಗೀಟು. ಎಂಟು ಕಂತುಗಳ ಮುಂದೆ ಬರೀ ಗೀಟು. ಒಂಬತ್ತನೆಯದರ ಮುಂದೆ ಗೀಟಿನ ಜೊತೆ ಒಂದು ಪದ: ಆಪಾ.

ಮಾಮುಗೆ ಒಬ್ಬರೇ ಆಪಾ. ನನ್ನ ಅಮ್ಮಿ.

ಸಂಜೆ ಅಮ್ಮಿಯನ್ನು ಕೇಳಿದೆ. ಅಕ್ಕಿ ಆರಿಸುತ್ತಿದ್ದವರು ತಲೆಯೆತ್ತದೆ, “ಹೌದು, ಕೊಟ್ಟಿದ್ದೆ. ಆ ತಿಂಗಳು ಪ್ರೋಗ್ರಾಂ ಇರಲಿಲ್ಲ ಅವನಿಗೆ. ಅಂಗಡಿಯವರು ವಾಪಸ್ ಒಯ್ತೀವಿ ಅಂದಿದ್ರು. ಹೊಲಿಗೆ ದುಡ್ಡಿತ್ತು, ಕೊಟ್ಟೆ. ಏನೀಗ?” ಎಂದರು. ಎರಡು ವರ್ಷದಿಂದ ಆ ಬೇಸ್ ನಮ್ಮ ಮನೆಯ ಗೋಡೆಗೆ ಒರಗಿ ನಿಂತಿದೆ. ಅದರಲ್ಲಿ ತನ್ನದೂ ಒಂದು ಪಾಲಿದೆ ಎಂದು ಅಮ್ಮಿ ಒಂದು ಸಲವೂ ಹೇಳಿರಲಿಲ್ಲ. ಒಡೆದ ಪ್ಲೇಟನ್ನು ನಾನು ಕಸದ ಗಾಡಿಗೆ ಹಾಕಿದ್ದರೆ ಈ ಲೆಕ್ಕವೂ ಹೋಗುತ್ತಿತ್ತು.

ಹೊಸ ಪ್ಲೇಟ್ ಹೀಗೆ ಆಯಿತು. ಬಾಗಿಲಿಗೆ ಹಾಕುವ ನೇಮ್‌ಪ್ಲೇಟ್ ಕೆತ್ತುವ ಅಂಗಡಿಯಲ್ಲಿ ಎರಡು ಬಣ್ಣದ ಹಾಳೆ ಸಿಗುತ್ತದೆ. ಮೇಲೆ ಕಪ್ಪು, ಕೆಳಗೆ ಬಿಳಿ. ಮೇಲಿನ ಪದರ ಕೆತ್ತಿದರೆ ಒಳಗಿನ ಬಿಳಿ ಅಕ್ಷರವಾಗಿ ಕಾಣುತ್ತದಲ್ಲ, ಅದೇ ಹಾಳೆ. ಒಂದು ತುಂಡಿಗೆ 250 ರೂಪಾಯಿ. ಚಾಚಾ ಹಳೆಯ ಪ್ಲೇಟನ್ನು ಅದರ ಮೇಲಿಟ್ಟು ಗೆರೆ ಎಳೆದು, ಇನ್‌ಲೇಗೆ ಬಳಸುವ ಕೂದಲೆಳೆಯಂಥ ಗರಗಸದಿಂದ ಕತ್ತರಿಸಿದರು. ಅಂಚನ್ನು ಓರೆಯಾಗಿ ಉಜ್ಜಿದಾಗ ಬಿಳಿ ಗೆರೆ ಎದ್ದು ಬಂತು. ಹಾಳೆ ಹಳೆಯದಕ್ಕಿಂತ ತೆಳು. ವೈರ್ ಚುಚ್ಚುವಾಗ ಜ್ಯಾಕಿನ ಹತ್ತಿರ ಬಗ್ಗುತ್ತಿತ್ತು. ಅಲ್ಲಿ ಕೆಳಗಿನಿಂದ ಇನ್ನೊಂದು ತುಂಡು ಅಂಟಿಸಿದರು. ಆಕಾರವನ್ನು ಸ್ವಲ್ಪ ಚೂಪಾಗಿ ಬದಲಿಸೋಣವೇ ಎಂದು ಕೇಳಿದೆ. “ಸಣ್ಣದಾದರೆ ಒಳಗಿನ ಕೆಂಪು ಹೊರಗೆ ಕಾಣುತ್ತೆ, ತೇಪೆ ಹಾಕಿದ ಹಾಗೆ” ಎಂದರು. ಹಾಗಾಗಿ ಆಕಾರ ಹಳೆಯದೇ ಉಳಿಯಿತು.

ಸ್ಕ್ರೂ ಹಾಕುವಾಗ ಒಂದು ಉಪಾಯ ಹೇಳಿಕೊಟ್ಟರು. ನೇರ ಬಿಗಿಯಬಾರದು. ಮೊದಲು ಬಿಚ್ಚುವ ದಿಕ್ಕಿಗೆ ಮೆಲ್ಲಗೆ ತಿರುಗಿಸಬೇಕು. ಟಕ್ ಎಂದು ಹಳೆಯ ಹಾದಿಯಲ್ಲಿ ಕೂತದ್ದು ಬೆರಳಿಗೆ ತಿಳಿಯುತ್ತದೆ. ಆಮೇಲೆ ಬಿಗಿಯಬೇಕು. ಇಲ್ಲದಿದ್ದರೆ ಪ್ರತಿ ಸಲವೂ ಸ್ಕ್ರೂ ಮರದಲ್ಲಿ ಹೊಸ ಹಾದಿ ಕೊರೆದು ತೂತು ಸಡಿಲವಾಗುತ್ತದೆ. ಈಗಾಗಲೇ ಸಡಿಲವಾಗಿದ್ದ ಎರಡು ತೂತುಗಳಿಗೆ ಹಲ್ಲುಕಡ್ಡಿಗೆ ಮರದ ಅಂಟು ಹಚ್ಚಿ ತುರುಕಿ, ಒಣಗಿದ ಮೇಲೆ ಸ್ಕ್ರೂ ಹಾಕಿದೆವು.

ಮನೆಗೆ ಬಂದು ನುಡಿಸಿದರೆ ಹೊಸ ತೊಂದರೆ. ಪ್ಲೇಟಿಗೆ ಬೆರಳು ಉಜ್ಜಿದಾಗಲೆಲ್ಲ ಸ್ಪೀಕರಿನಲ್ಲಿ ಚಟಪಟ ಸದ್ದು. ಮಾಮುಗೆ ಫೋನ್ ಮಾಡಿದೆ. “ಹಳೇ ಪ್ಲೇಟಿನ ಹಿಂದೆ ಬೆಳ್ಳಿ ಕಾಗದ ಇತ್ತಲ್ಲ, ಹಾಕಿದ್ಯಾ?” ಎಂದರು. ಹಾಕಿರಲಿಲ್ಲ. ಪ್ಲಾಸ್ಟಿಕ್ ಉಜ್ಜಿದಾಗ ಹುಟ್ಟುವ ವಿದ್ಯುತ್ತು ಹರಿದುಹೋಗಲು ಗುಂಡಿಗಳ ಸುತ್ತ ಹಿಂಬದಿಯಲ್ಲಿ ಲೋಹದ ಹಾಳೆ ಬೇಕಂತೆ. ಅದು ಗುಂಡಿಯ ಲೋಹದ ಮೈಗೆ ತಾಗಿರಬೇಕು. ಅಡುಗೆಮನೆಯಲ್ಲಿ ರೊಟ್ಟಿ ಸುತ್ತುವ ಫಾಯಿಲ್ ತುಂಡನ್ನು ಅಂಟಿಸಿದೆ. ಸದ್ದು ನಿಂತಿತು. ಇಷ್ಟು ಬಿಟ್ಟರೆ ಪ್ಲೇಟ್ ಬದಲಾದದ್ದರಿಂದ ಬೇಸಿನ ನಾದದಲ್ಲಿ ನನಗೇನೂ ವ್ಯತ್ಯಾಸ ಕೇಳಿಸಲಿಲ್ಲ. ಬದಲಾದದ್ದು ನೋಟ ಮಾತ್ರ.

ನೋಟಕ್ಕಾಗಿ ಇಷ್ಟೆಲ್ಲ ಯಾಕೆ, ಇದು ಬರೀ ಶೋಕಿ ಅಲ್ಲವೇ ಎಂದು ಕೆಲವರು ಕೇಳಬಹುದು. ನನ್ನ ಉತ್ತರ ಇದು. ನಾಚಿಕೆಯಾಗುತ್ತಿದ್ದಾಗ ನಾನು ಬೇಸನ್ನು ಚೀಲದಿಂದ ಹೊರಗೆ ತೆಗೆಯುತ್ತಿದ್ದುದೇ ಕಡಿಮೆ. ಈಗ ದಿನಕ್ಕೆ ಅರ್ಧ ಗಂಟೆಯಾದರೂ ನುಡಿಸುತ್ತೇನೆ. ಕಣ್ಣಿಗೆ ಹಿತವಾದ ವಸ್ತುವನ್ನು ಕೈ ಹೆಚ್ಚು ಮುಟ್ಟುತ್ತದೆ. ಅಷ್ಟು ಲಾಭ ಸಾಕು.

ಖರ್ಚಿನ ಪ್ರಶ್ನೆಗೂ ಲೆಕ್ಕ ಕೊಡುತ್ತೇನೆ. ಹಾಳೆಗೆ 250, ಹೊಸ ಸ್ಕ್ರೂಗಳಿಗೆ 40, ಒಟ್ಟು 290 ರೂಪಾಯಿ. ಚಾಚಾ ದುಡ್ಡು ಮುಟ್ಟಲಿಲ್ಲ. ಅವರ ಮಗನಿಗೆ ಎರಡು ಭಾನುವಾರ ಗಣಿತ ಹೇಳಿಕೊಟ್ಟೆ. 700 ರೂಪಾಯಿಯ ತಪ್ಪು ಪ್ಲೇಟನ್ನು ನಷ್ಟದ ಖಾತೆಗೆ ಬರೆದಿದ್ದೇನೆ. ಅದನ್ನು ಸೇರಿಸಿದರೂ ಪೇಂಟಿನ ಖರ್ಚಿನ ಅರ್ಧವೂ ಆಗಲಿಲ್ಲ. ಇನ್ನೊಂದು ಮಾತು. ನಾವು ಓದುವ ಸವಕಳಿಯ ಪಾಠದಲ್ಲಿ ವಸ್ತು ಹಳೆಯದಾದಂತೆ ಬೆಲೆ ಇಳಿಯುತ್ತದೆ. ಹಳೆಯ ವಾದ್ಯಗಳನ್ನು ಕೊಳ್ಳುವವರ ಲೆಕ್ಕ ಬೇರೆ. ಮೂಲ ಬಣ್ಣ, ಮೂಲ ಭಾಗಗಳು ಉಳಿದಿದ್ದರೆ ಅವರು ಹೆಚ್ಚು ಕೊಡುತ್ತಾರೆ. ಬಣ್ಣ ಕೆರೆದಿದ್ದರೆ ಕಡಿಮೆ ಮಾಡುತ್ತಾರೆ. ಮಾರುವ ಯೋಚನೆ ನನಗಿಲ್ಲ. ಆದರೂ ಈ ಲೆಕ್ಕ ಗೊತ್ತಿರಲಿ.

ಮೂರನೆಯ ಆಕ್ಷೇಪವೇ ಗಟ್ಟಿಯಾದದ್ದು. ಬಿಚ್ಚಿ ತೆಗೆಯುವಂಥದ್ದು ಅರೆಮನಸ್ಸಿನ ಕೆಲಸ, ನಿಜವಾದ ಕಲೆ ಅಳಿಸಲಾಗದಂತೆ ಕೆತ್ತುತ್ತದೆ ಎನ್ನಬಹುದು. ಅರಮನೆಯ ಬಾಗಿಲಿನ ಇನ್‌ಲೇ ಬಿಚ್ಚಿ ತೆಗೆಯುವಂಥದ್ದೇ? ಅಲ್ಲ. ಜಾಕೋ ಪಾಸ್ಟೋರಿಯಸ್ ಎಂಬ ಮಹಾನ್ ಬೇಸ್ ವಾದಕ ತನ್ನ 1962ರ ಜಾಝ್ ಬೇಸಿನ ಪ್ಲೇಟ್ ತೆಗೆದಿಟ್ಟದ್ದಷ್ಟೇ ಅಲ್ಲ, ಬೆರಳು ಪಟ್ಟಿಯ ಮೇಲಿನ ಲೋಹದ ಗೀಟುಗಳೇ ಇಲ್ಲದಂತೆ ಮಾಡಿಕೊಂಡು ನುಡಿಸಿದರು. ಅದರಿಂದ ಬಂದ ನಾದ ಬೇಸಿನ ಚರಿತ್ರೆಯನ್ನೇ ಬದಲಿಸಿತು. ಇದನ್ನೇ ಚಾಚಾ ಹತ್ತಿರ ಕೇಳಿದೆ. ಅವರು ಕೊರೆಯುತ್ತಿದ್ದ ಬೀಟೆ ಹಲಗೆಯಿಂದ ಕೈ ಎತ್ತದೆ, “ಇದು ನನ್ನ ಹಲಗೆ. ಎಷ್ಟು ಹಾಳು ಮಾಡಿದ ಮೇಲೆ ಕೊರೆಯೋಕೆ ಕಲಿತೆ ಅನ್ನೋದು ನನಗೆ ಗೊತ್ತು. ನಿನ್ನ ಕೈಲಿರೋದು ನಿನ್ನ ಮಾಮುದು” ಎಂದರು. ಕೈ ಪಳಗಿದವರು ತಮ್ಮದನ್ನು ಕೆತ್ತಲಿ. ನನ್ನಂಥವರಿಗೆ ಸ್ಕ್ರೂ ಸಾಕು.

ನಮ್ಮ ತರಗತಿಯ ಬೆಂಚುಗಳನ್ನೇ ನೋಡಿ. ಕಂಪಾಸ್ ಮೊನೆಯಿಂದ ಕೆತ್ತಿದ ಹೆಸರುಗಳು, ಹೃದಯಗಳು, ಕ್ರಿಕೆಟ್ ಸ್ಕೋರುಗಳು. ನಾನು ಕೂರುವ ಬೆಂಚಿನಲ್ಲಿ ಎಷ್ಟು ಆಳವಾಗಿ ಕೆತ್ತಿದ್ದಾರೆಂದರೆ ಕಾಗದ ಇಟ್ಟು ಬರೆದರೆ ಪೆನ್ನು ಒಳಗೆ ಇಳಿಯುತ್ತದೆ. ಕೆತ್ತಿದವರು ಕಾಲೇಜು ಬಿಟ್ಟು ಎಷ್ಟೋ ವರ್ಷವಾಗಿರಬೇಕು. ಅವರಿಗೂ ತಮ್ಮದೆಂಬ ಒಂದು ಗುರುತು ಬೇಕಿತ್ತು, ಅದನ್ನು ನಾನು ತಪ್ಪೆನ್ನುವುದಿಲ್ಲ. ಆದರೆ ಅವರ ಗುರುತನ್ನು ಹೊತ್ತುಕೊಂಡು ಪರೀಕ್ಷೆ ಬರೆಯುತ್ತಿರುವವರು ನಾವು. ಗುರುತು ಬೇಕಾದರೆ ಪುಸ್ತಕದ ಹೊದಿಕೆಯ ಮೇಲೆ ಬಿಡಿಸಿ, ಬ್ಯಾಗಿಗೆ ಬ್ಯಾಡ್ಜ್ ಹಾಕಿ, ಸೈಕಲ್ಲಿಗೆ ಬಣ್ಣದ ಟೇಪ್ ಸುತ್ತಿ. ನಾಳೆ ಬರುವವರು ತೆಗೆಯಬೇಕೆಂದರೆ ತೆಗೆಯಲು ಬರಬೇಕು.

ಕೆಲಸ ಮುಗಿದ ಮರುದಿನ ಬೇಸನ್ನು ಮಾಮು ಅಂಗಡಿಗೆ ಒಯ್ದೆ. ಮಾಸಿದ ಕೆಂಪಿನ ಮೇಲೆ ಕಪ್ಪು ಪ್ಲೇಟ್, ಸುತ್ತ ಬಿಳಿ ಗೆರೆ. ಮಾಮು ಕೈ ಒರೆಸಿಕೊಂಡು ತೆಗೆದುಕೊಂಡರು, ಅಂಚಿನ ಮೇಲೆ ಬೆರಳಾಡಿಸಿದರು. “ಚೆನ್ನಾಗಿದೆ. ಅದೇ ಬೇಸಾ ಅನ್ಸುತ್ತೆ” ಎಂದರು. ಮತ್ತೆ ಕೇಳಿದರು, “ಹಳೇದು ಎಲ್ಲಿ?”

ಚೀಲದ ಜೇಬಿನಿಂದ ತೆಗೆದು ಕೊಟ್ಟೆ. ಅವರು ಮುಂಭಾಗ ನೋಡದೆ ನೇರ ಮಗುಚಿ ನೋಡಿದರು. ಒಂಬತ್ತನೇ ಸಾಲಿನ ಮೇಲೆ ಹೆಬ್ಬೆರಳು ನಿಂತಿತು. “ಆಪಾ ಇವತ್ತಿಗೂ ಆ 500 ವಾಪಸ್ ಕೇಳಿಲ್ಲ” ಎಂದರು. ನಾಲ್ಕು ಸ್ವರ ನುಡಿಸಿ ಬೇಸನ್ನು ನನ್ನ ಕೈಗೆ ಕೊಟ್ಟರು. ಹಳೆಯ ಪ್ಲೇಟನ್ನು ಬಟ್ಟೆಯ ಚೂರೊಂದರಲ್ಲಿ ಸುತ್ತಿ ತಾವೇ ಚೀಲದ ಜೇಬಿಗೆ ಸೇರಿಸಿದರು.

ಈಗಲೂ ಅದು ಅಲ್ಲೇ ಇದೆ. ಮುಂದೆ ಈ ಬೇಸ್ ಯಾರ ಕೈಗೆ ಹೋಗುತ್ತದೋ ಗೊತ್ತಿಲ್ಲ. ಅವರಿಗೆ ನನ್ನ ಕಪ್ಪು ಪ್ಲೇಟ್ ಹಿಡಿಸದಿದ್ದರೆ ಬೇಜಾರಿಲ್ಲ. 13 ಸ್ಕ್ರೂ ಬಿಚ್ಚಿದರಾಯಿತು. ಅದರ ಹಿಂದೆ ನಾನೂ ಒಂದು ಸಾಲು ಬರೆದಿಟ್ಟಿದ್ದೇನೆ: ಹಾಳೆ 250, ಸ್ಕ್ರೂ 40, ಫಾಯಿಲ್ ಅಮ್ಮಿಯದು.